ಮೂರನೇ ಸ್ಕ್ರೂ: ಹಳೇ ಗಿಟಾರ್ ಕೊಳ್ಳುವವರ ಕೈಪಿಡಿ

ಕೊಳ್ಳುವ ಮುನ್ನ ಓದಿ

ಇದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟವರಿಗೆ. ಇಂಥ ಕೈಪಿಡಿಗಳನ್ನು ಜನ ಸಾಮಾನ್ಯವಾಗಿ ಗಿಟಾರ್ ಮನೆಗೆ ತಂದ ಮೇಲೆ ಓದುತ್ತಾರೆ. ಆಗ ಓದಿದರೆ ಇದು ಚರಮಗೀತೆಯಾಗುತ್ತದೆ. ಆದ್ದರಿಂದ ದಯವಿಟ್ಟು ಈಗಲೇ ಓದಿ, ಅಡ್ವಾನ್ಸ್ ಕಳಿಸಲು ಫೋನ್ ತೆಗೆದಿದ್ದರೆ ಒಳಗಿಡಿ.

ಹೊಸ ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್ ಬೇಕೆಂದರೆ ಎರಡು ಲಕ್ಷದ ಮೇಲೆ ಎಣಿಸಬೇಕು ಎಂದು ಚೆನ್ನಾಗಿ ಗೊತ್ತಿದ್ದೂ, ಅದೇ ಗಿಟಾರ್ ಬೆಂಗಳೂರಿನ ಯಾವುದೋ ಮೂರನೇ ಮಹಡಿಯಲ್ಲಿ ನಲವತ್ತೈದು ಸಾವಿರಕ್ಕೆ ಕೂತಿದೆ ಎಂದರೆ ನಂಬಲು ತಯಾರಿರುವವರಿಗಾಗಿ ಈ ಕೈಪಿಡಿ. ಅಂದರೆ ನನ್ನಂಥವರಿಗಾಗಿ.

ಬೇಕಾಗುವ ಸಾಮಗ್ರಿ

ಟಾರ್ಚ್ ಇರುವ ಫೋನ್, ಒಂದು ಸ್ಟಾರ್ ಸ್ಕ್ರೂಡ್ರೈವರ್, ಇಂಚುಪಟ್ಟಿ, ಒಂದು ಕೇಬಲ್, ಒಬ್ಬ ಸೋದರಮಾವ.

ಕೊನೆಯದು ಕಡ್ಡಾಯ. ಮಾವನಿಗೆ ಗಿಟಾರ್ ಗೊತ್ತಿರಬೇಕೆಂದೇನಿಲ್ಲ, ಗೊತ್ತಿಲ್ಲದಿದ್ದರೇ ಒಳ್ಳೆಯದು. ನನ್ನ ಮಾವ ದೊಡ್ಡಬಳ್ಳಾಪುರದ ಕಡೆಯವರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಂಡು ಮಾರಿ ತಲೆ ನರೆಸಿಕೊಂಡವರು. ಗಿಟಾರಿಗೂ ವೀಣೆಗೂ ಇರುವ ವ್ಯತ್ಯಾಸ ಅವರ ಪ್ರಕಾರ ಒಂದೇ: ವೀಣೆಯನ್ನು ಕೂತು ನುಡಿಸುತ್ತಾರೆ. ಆ ಮೂರನೇ ಮಹಡಿಯ ಗಿಟಾರ್ ನೋಡಲು ಬಸ್ಸಿನಲ್ಲಿ ಹೋಗುವಾಗ ಅವರು ಕೊಟ್ಟ ಸಲಹೆಯನ್ನು ಇಲ್ಲಿ ಮೊದಲೇ ದಾಖಲಿಸುತ್ತೇನೆ: "ಎತ್ತನ್ನ ಆಮೇಲೆ ನೋಡು ಕಣಪ್ಪ. ಮೊದ್ಲು ಹಗ್ಗ ಹಿಡ್ಕಂಡು ನಿಂತೋನ ಮುಖ ನೋಡು."

ಹಂತ 1: ಬೆಲೆಯನ್ನು ಮುಟ್ಟಿ ನೋಡಿ

ಗಿಟಾರ್ ಮುಟ್ಟುವ ಮೊದಲು ಬೆಲೆಯನ್ನು ಮುಟ್ಟಿ. ಬಿಸಿ ಇರಬೇಕು. ತಣ್ಣಗಿದ್ದರೆ ಅನುಮಾನಪಡಿ. ಒಳ್ಳೆಯ ಗಿಟಾರ್ ಹಳೇ ಫ್ರಿಜ್ಜಿನ ಹಾಗೆ ವರ್ಷಕ್ಕಿಷ್ಟು ಇಳಿಯುತ್ತಾ ಹೋಗುವುದಿಲ್ಲ. 1958ರಿಂದ 1960ರವರೆಗೆ ಗಿಬ್ಸನ್ ಮಾಡಿದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್‌ಗಳು ಆ ಕಾಲದಲ್ಲಿ ಸರಿಯಾಗಿ ಖರ್ಚಾಗಲಿಲ್ಲವೆಂದು ಕಂಪನಿ ಆ ಆಕಾರವನ್ನೇ ಕೈಬಿಟ್ಟಿತ್ತು. ಇವತ್ತು ಅಂಥದ್ದೊಂದು ನಿಮ್ಮ ಅಟ್ಟದಲ್ಲಿ ಸಿಕ್ಕರೆ ಅದನ್ನು ಮಾರಿ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಇಂಥ ಮನೆತನದ ಗಿಟಾರ್ ನಿಮಗೆ ಮಾತ್ರ ಕಾಲುಭಾಗದ ಬೆಲೆಗೆ ಯಾಕೆ ಸಿಗುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳಿ. "ನನ್ನ ಅದೃಷ್ಟ" ಎಂಬ ಉತ್ತರ ಬಂದರೆ ಮತ್ತೊಮ್ಮೆ ಕೇಳಿಕೊಳ್ಳಿ.

ಹಂತ 2: ಕಥೆ ಕೇಳಿ, ಮಧ್ಯೆ ಬಾಯಿ ಹಾಕಬೇಡಿ

ಪ್ರತಿ ಹಳೇ ಗಿಟಾರಿನ ಜೊತೆ ಒಂದು ಕಥೆ ಉಚಿತ. ಮುಖ್ಯ ಮಾದರಿಗಳು ಮೂರು. ಒಂದು, ದುಬೈ ಅಣ್ಣನ ಕಥೆ: ಅಣ್ಣ ತಂದುಕೊಟ್ಟ, ಬಿಲ್ಲು ಅಲ್ಲೇ ಉಳಿಯಿತು. ಎರಡು, ವೀಸಾ ಕಥೆ: ಮುಂದಿನ ವಾರ ಕೆನಡಾಕ್ಕೆ ಹೊರಟಿದ್ದೇನೆ, ಇವತ್ತೇ ಹೇಳಬೇಕು, ಇನ್ನೊಬ್ಬರು ದಾರಿಯಲ್ಲಿದ್ದಾರೆ. ಮೂರು, ವೈರಾಗ್ಯದ ಕಥೆ: ಕೆಲಸದಲ್ಲಿ ನುಡಿಸೋಕೇ ಟೈಮಿಲ್ಲ ಸಾರ್.

ನಾವು ಹೋದ ಮನೆಯಲ್ಲಿ ಮೂರೂ ಕಥೆ ಒಟ್ಟಿಗೆ ಬಂದವು. ಮಾರುವ ಹುಡುಗ ಒಳ್ಳೆಯವನಂತೆಯೇ ಕಂಡ, ಕಾಫಿ ಕೊಟ್ಟ. ಮಾವ ಕಾಫಿ ಹೀರುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಕೆನಡಾಕ್ಕೆ ಯಾವತ್ತು ಟಿಕೆಟ್ಟಪ್ಪ?" ಹುಡುಗ ಗೋಡೆಯ ಕ್ಯಾಲೆಂಡರ್ ನೋಡಿದ. ಟಿಕೆಟ್ ಕೈಲಿರುವವನು ತಾರೀಕಿಗಾಗಿ ಕ್ಯಾಲೆಂಡರ್ ನೋಡುವುದಿಲ್ಲ. ಇದು ಸಾಕ್ಷ್ಯವಲ್ಲ, ಆದರೆ ಮಾವ ಬೀಡಿ ಕಟ್ಟನ್ನು ವಾಪಸು ಜೇಬಿಗಿಟ್ಟುಕೊಂಡರು. ಕೆಲಸ ಶುರು ಎಂದರ್ಥ.

ಹಂತ 3: ತಲೆಯಿಂದ ಆರಂಭಿಸಿ

ಬಿರಡೆಗಳಿರುವ ತಲೆಭಾಗಕ್ಕೆ ಹೆಡ್‌ಸ್ಟಾಕ್ ಎನ್ನುತ್ತಾರೆ. ಗಿಬ್ಸನ್ ತಲೆಯ ಮೇಲಂಚು ತೆರೆದಿಟ್ಟ ಪುಸ್ತಕದಂತೆ ನಡುವೆ ತಗ್ಗಿರುತ್ತದೆ. ಆ ಪುಸ್ತಕದ ಮೇಲೆ ವ್ಯಾಜ್ಯವೂ ಆಗಿದೆ: ಜಪಾನಿನ ಐಬನೆಜ್ ಗಿಟಾರುಗಳು ಅದೇ ತಲೆ ಇಟ್ಟುಕೊಂಡಿವೆ ಎಂದು ಗಿಬ್ಸನ್‌ನ ಆಗಿನ ಮಾಲೀಕ ಸಂಸ್ಥೆ ನಾರ್ಲಿನ್ 1977ರಲ್ಲಿ ಅಮೆರಿಕದ ಕೋರ್ಟಿಗೆ ಹೋಗಿ, ಕೊನೆಗೆ ರಾಜಿಯಾಯಿತು. ತಮಾಷೆ ಏನೆಂದರೆ ಆ ಕಾಲದ ಜಪಾನಿ ಕಾಪಿಗಳನ್ನು ಇವತ್ತು ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಕಾಪಿಯೂ ಶ್ರದ್ಧೆಯಿಂದ ಮಾಡಿದ್ದಾದರೆ ಅದಕ್ಕೂ ಒಂದು ಮರ್ಯಾದೆ ಬರುತ್ತದೆ, ಸ್ವಲ್ಪ ತಡವಾಗಿ.

ಈಗ ತಲೆಗೂ ಕತ್ತಿಗೂ ನಡುವೆ ಗಂಟೆಯಾಕಾರದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ನೋಡಿ. ಅದರಡಿ ಟ್ರಸ್ ರಾಡ್ ಇದೆ. ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ಹಿಡಿಯುವ ಉಕ್ಕಿನ ಸರಳು ಅದು. ಗಿಬ್ಸನ್ ಈ ಮುಚ್ಚಳಕ್ಕೆ ಎರಡು ಸ್ಕ್ರೂ ಹಾಕುತ್ತದೆ. ನಕಲಿ ಲೆಸ್ ಪಾಲ್ ಮಾಡುವವರು ಯಾವ ಸದುದ್ದೇಶದಿಂದಲೋ ಮೂರು ಹಾಕುತ್ತಾರೆ. ಮುಚ್ಚಳ ತೆಗೆದರೆ ಅಸಲಿಯಲ್ಲಿ ಹೊರಗಿನಿಂದ ಹಿಡಿದು ತಿರುಗಿಸುವ ಹಿತ್ತಾಳೆಯ ನಟ್ಟು ಕಾಣುತ್ತದೆ, ನಕಲಿಯಲ್ಲಿ ಸಾಮಾನ್ಯವಾಗಿ ಅಲೆನ್ ಕೀ ತೂರಿಸುವ ತೂತು.

ನಾನು ಟಾರ್ಚ್ ಬಿಟ್ಟು ಎಣಿಸಿದೆ. ಒಂದು, ಎರಡು. ಆಮೇಲೆ ಇನ್ನೊಂದು. ಮೂರನೆಯದನ್ನು ಕಂಡೂ ಕಾಣದವನಂತೆ ಇದ್ದೆ, ಯಾಕೆಂದರೆ ಬಣ್ಣ ಚೆನ್ನಾಗಿತ್ತು. ಮಾವನಿಗೆ ಪಿಸುಗುಟ್ಟಿದೆ. ಅವರು ಪಿಸುಗುಟ್ಟುವವರಲ್ಲ. "ಎರಡು ಸಾಕಾಗೋ ಕಡೆ ಮೂರು ಹೊಡ್ದವ್ನೆ ಅಂದ್ರೆ ಅವನಿಗೇ ಅನುಮಾನ ಇತ್ತು ಅಂತ" ಎಂದರು, ಹಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ.

ಹಂತ 4: ಅಂಕಿಯನ್ನು ಪಂಚಾಂಗಕ್ಕೆ ತಾಳೆ ಹಾಕಿ

ತಲೆಯ ಹಿಂಬದಿ ತಿರುಗಿಸಿ. ಅಲ್ಲಿ ಸೀರಿಯಲ್ ನಂಬರ್ ಇರುತ್ತದೆ. 1977ರಿಂದ ಬಹುಕಾಲ ಗಿಬ್ಸನ್ ಅದರಲ್ಲಿ ಗಿಟಾರಿನ ಹುಟ್ಟಿದ ದಿನವನ್ನೇ ಬರೆದಿಡುತ್ತಿತ್ತು. ಮೊದಲ ಮತ್ತು ಐದನೇ ಅಂಕಿ ವರ್ಷ. ನಡುವಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು. ಉದಾಹರಣೆಗೆ 81263567. ಎಂಟು ಮತ್ತು ಮೂರು ಸೇರಿ 1983. 126ನೇ ದಿನ ಎಂದರೆ ಮೇ 6. ಉಳಿದದ್ದು ಆ ದಿನದ ಸರದಿ ಸಂಖ್ಯೆ. ಆ ಕಾಲಕ್ಕೆ 500 ದಾಟಿದ್ದರೆ ನ್ಯಾಶ್‌ವಿಲ್ ಕಾರ್ಖಾನೆ, ಕೆಳಗಿದ್ದರೆ 1984ರಲ್ಲಿ ಮುಚ್ಚಿದ ಕಲಮಜೂ ಕಾರ್ಖಾನೆ. ಜಾತಕ ಬರೆಯಲು ಇನ್ನೇನು ಬೇಕು, ನಕ್ಷತ್ರ ಒಂದು ಬಿಟ್ಟು.

ನಮ್ಮ ಮುಂದಿದ್ದ ಗಿಟಾರಿನ ನಂಬರು 04128 ಎಂದು ಆರಂಭವಾಗುತ್ತಿತ್ತು. ಸೊನ್ನೆ ಮತ್ತು ಎಂಟು: 2008. ಹುಡುಗನೂ ಅದನ್ನೇ ಹೇಳಿದ್ದ. ದಿನ: 412.

"ವರ್ಷಕ್ಕೆ 365 ಅಲ್ವಾ?" ಎಂದೆ. 2008 ಅಧಿಕ ವರ್ಷ, ಇನ್ನೊಂದು ದಿನ ಸೇರಿಸಿ ಎಂದು ಹುಡುಗ ನೆರವಿಗೆ ಬಂದ. 366. ಮಾವ ಬೆರಳು ಮಡಚಿ ಕೂತರು. "ಅಧಿಕ ಮಾಸ ಬಂದ್ರೆ ವರ್ಷಕ್ಕೆ ಹದಿಮೂರು ತಿಂಗಳು. ಆಗಲೂ 385 ದಾಟಕಿಲ್ಲ ಕಣಪ್ಪ. ಇದು ಯಾವ ಪಂಚಾಂಗ?"

ಗಮನಿಸಿ: ನಂಬರ್ ಸರಿಯಾಗಿದ್ದ ಮಾತ್ರಕ್ಕೆ ಗಿಟಾರ್ ಅಸಲಿ ಎಂದಾಗುವುದಿಲ್ಲ. ಅಸಲಿಯೊಂದರ ನಂಬರನ್ನು ನೂರು ನಕಲಿಗಳ ಬೆನ್ನಿಗೆ ಹೊಡೆಯುವುದು ಕಷ್ಟದ ಕೆಲಸವಲ್ಲ. ನಂಬರ್ ತಪ್ಪಿದ್ದರೆ ಮಾತ್ರ ಅದು ಸುಳ್ಳು ಹೇಳುವುದಿಲ್ಲ.

ಹಂತ 5: ಮರದ ಜೊತೆ ಮಾತಾಡಿ

ಫ್ರೆಟ್ಟು ಎಂಬ ಲೋಹದ ಪಟ್ಟಿಗಳಿರುವ, ಬೆರಳು ಓಡಾಡುವ ಹಲಗೆಗೆ ಫ್ರೆಟ್‌ಬೋರ್ಡ್ ಎನ್ನುತ್ತಾರೆ. ಲೆಸ್ ಪಾಲ್ ಸ್ಟ್ಯಾಂಡರ್ಡ್‌ನಲ್ಲಿ ಅದು ರೋಸ್‌ವುಡ್. ಇಂಗ್ಲಿಷಿನಲ್ಲಿ ಹೇಳಿದರೆ ದೂರದ ಮರದಂತೆ ಕೇಳಿಸುತ್ತದೆ. ನಮ್ಮ ಮಲೆನಾಡಿನವರಿಗೆ ಅದು ಬೀಟೆ. ಅಜ್ಜಿಯ ಮಂಚ, ಹಳೇ ಮನೆಯ ಬಾಗಿಲು, ದಕ್ಷಿಣ ಭಾರತದ ಕಾಡು. ಈ ಮರಕ್ಕಾಗಿ ಅಮೆರಿಕದಲ್ಲಿ ಪೊಲೀಸು ಬಂದದ್ದೂ ಉಂಟು: 2011ರ ಆಗಸ್ಟ್‌ನಲ್ಲಿ ಫೆಡರಲ್ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳಿಗೆ ನುಗ್ಗಿ ಭಾರತದಿಂದ ಹೋದ ಬೀಟೆ ಮತ್ತು ಎಬೊನಿ ಹಲಗೆಗಳನ್ನು ಹೊತ್ತೊಯ್ದರು, ಮರುವರ್ಷದ ಒಪ್ಪಂದದಲ್ಲಿ ಭಾರತದ ಮರ ವಾಪಸು ಬಂತು. 2017ರ ಜನವರಿಯಿಂದ ಬೀಟೆಯ ಇಡೀ ವಂಶಕ್ಕೇ ಅಂತರರಾಷ್ಟ್ರೀಯ ಪರವಾನಗಿಯ ಕಟ್ಟುಪಾಡು ಬಂದು, ಗಿಟಾರ್ ಕಂಪನಿಗಳು ಬೇರೆ ಮರ ಹುಡುಕತೊಡಗಿದವು. ಸಿದ್ಧ ವಾದ್ಯಗಳಿಗೆ 2019ರ ಕೊನೆಗೆ ವಿನಾಯಿತಿ ಸಿಕ್ಕಿತು. ಇಷ್ಟೆಲ್ಲ ಕಾಗದಪತ್ರ ನೋಡಿಕೊಂಡ ಮರವನ್ನು ನಕಲಿ ಮಾಡುವವನು ತನ್ನ ಗಿಟಾರಿಗೆ ಹಾಕುತ್ತಾನೆಯೇ? ಯಾವುದೋ ಬಿಳಿ ಮರಕ್ಕೆ ಕಂದು ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾನೆ.

ಪರೀಕ್ಷಾ ವಿಧಾನ: ಮಾವ ಹೆಗಲ ಟವಲಿನ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿದರು. ಹನ್ನೆರಡನೇ ಫ್ರೆಟ್ಟಿನ ಹತ್ತಿರ, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ ಉಜ್ಜಿದರು. ಟವಲ್ ಎತ್ತಿ ಬೆಳಕಿಗೆ ಹಿಡಿದರು. ಬಿಳಿ ಟವಲಿನ ಮೇಲೆ ಡಿಕಾಕ್ಷನ್ ಚೆಲ್ಲಿದಂಥ ಕಲೆ. ಉಜ್ಜಿದ ಜಾಗದಲ್ಲಿ ಮರ ಬೆಳ್ಳಗೆ ಇಣುಕುತ್ತಿತ್ತು. "ಬೀಟೆ ಬಣ್ಣ ಬಿಡಕಿಲ್ಲ" ಎಂದಷ್ಟೇ ಹೇಳಿ ಟವಲನ್ನು ಹೆಗಲಿಗೆ ಹಾಕಿಕೊಂಡರು, ಕಲೆ ಹುಡುಗನಿಗೆ ಕಾಣುವ ಹಾಗೆ.

ಹಂತ 6: ಅಪ್ಪಣೆ ಪಡೆದು ಹೊಟ್ಟೆ ಬಿಚ್ಚಿ

ಲೆಸ್ ಪಾಲ್ ಬೆನ್ನಿಗೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದರೊಳಗೆ ವಾಲ್ಯೂಮ್, ಟೋನ್ ಗುಂಡಿಗಳ ಬೇರು, ಅಂದರೆ ಪಾಟ್‌ಗಳು. ಹಳೇ ಅಮೆರಿಕನ್ ಪಾಟ್‌ಗಳ ಮೈಮೇಲೆ ಅಂಕಿ ಒತ್ತಿರುತ್ತಾರೆ. ಮೊದಲ ಮೂರು ಅಂಕಿ ಮಾಡಿದವನ ಗುರುತು: 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್. ಆಮೇಲಿನದು ವರ್ಷ, ಕೊನೆಯದು ವಾರ. 1377633 ಎಂದಿದ್ದರೆ ಸಿಟಿಎಸ್, 1976, 33ನೇ ವಾರ. 1972ರ ಗಿಟಾರ್ ಎಂದು ಮಾರುತ್ತಿರುವುದರೊಳಗೆ 1976ರ ಪಾಟ್ ಸಿಕ್ಕರೆ, ಪಾಟ್ ಬದಲಾಗಿದೆ ಅಥವಾ ಕಥೆ ಬದಲಾಗಿದೆ. ಬೆಸುಗೆ ನೋಡಿ: ಹಳೆಯದು ಮಂಕಾಗಿ ಮುದುಡಿ ಕೂತಿರುತ್ತದೆ, ನಿನ್ನೆಯದು ಬೆಳ್ಳಿಯಂತೆ ಹೊಳೆಯುತ್ತದೆ. ನಕಲಿಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಚಿಕ್ಕ ನಾಣ್ಯದಂಥ ಅಗ್ಗದ ಪಾಟ್‌ಗಳು, ಹೆದರಿದ ಹಾಗೆ ಮೂಲೆಗೆ ಒತ್ತಿಕೊಂಡಿರುತ್ತವೆ.

ಮಾರುವವನು "ಬಿಚ್ಚೋದು ಬೇಡ ಸಾರ್, ವಾರಂಟಿ ಹೋಗತ್ತೆ" ಎಂದರೆ, ಬಿಲ್ಲೇ ಇಲ್ಲದ್ದಕ್ಕೆ ಯಾವ ವಾರಂಟಿ ಎಂದು ಕೇಳಿ. ನಗುತ್ತಾ ಕೇಳಿ, ಕಾಫಿ ಅವನ ಮನೆಯದು.

ಹಂತ 7: ಫೆಂಡರ್ ಕೊಳ್ಳುವವರು ಇಲ್ಲಿ ಇಳಿಯಿರಿ

ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಕೊಳ್ಳುವವರ ಕಷ್ಟ ಬೇರೆ. ಅದನ್ನು ರೂಪಿಸಿದ ಲಿಯೊ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಬಾರದವರು. ಅದಕ್ಕೇ ಇರಬೇಕು, ಕೆಟ್ಟ ಭಾಗ ಬಿಚ್ಚಿ ಇನ್ನೊಂದು ಹಾಕುವ ಹಾಗೆ ಗಿಟಾರ್ ಮಾಡಿದರು. 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರಿನ ಕತ್ತು ಮೈಗೆ ನಾಲ್ಕು ಸ್ಕ್ರೂಗಳಲ್ಲಿ ಕೂತಿರುತ್ತದೆ. ಪರಿಣಾಮವಾಗಿ ಒಂದರ ಕತ್ತು, ಇನ್ನೊಂದರ ಮೈ, ಮತ್ತೊಂದರ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಸೇರಿ, ಮೂರು ಮನೆಯ ಪಾತ್ರೆ ತಂದು ಮಾಡಿದ ಮದುವೆಯಂಥ ಗಿಟಾರುಗಳು ಊರೂರು ಸುತ್ತುತ್ತವೆ. ಇವಕ್ಕೆ ಪಾರ್ಟ್ಸ್‌ಕ್ಯಾಸ್ಟರ್ ಎಂದು ಹೆಸರು.

ಕೀಳಾಗಿ ಕಾಣಬೇಡಿ. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ ಪ್ರಸಿದ್ಧ ಬ್ಲ್ಯಾಕಿ ಗಿಟಾರ್ ಕೂಡ ಅವರೇ ಮೂರು ಹಳೇ ಸ್ಟ್ರಾಟೊಕ್ಯಾಸ್ಟರ್‌ಗಳ ಭಾಗ ಸೇರಿಸಿ ಮಾಡಿಸಿಕೊಂಡದ್ದು. 2004ರ ಹರಾಜಿನಲ್ಲಿ ಅದು 9,59,500 ಡಾಲರಿಗೆ ಹೋಯಿತು. ವ್ಯತ್ಯಾಸ ಇಷ್ಟೇ: ಕ್ಲಾಪ್ಟನ್ ಅದನ್ನು ಜೋಡಿಸಿದ್ದೆಂದು ಎಲ್ಲರಿಗೂ ಹೇಳಿದ್ದರು. ನಿಮಗೆ ಮಾರುವವನು ಹೇಳುವುದಿಲ್ಲ.

ಇನ್ನೊಂದು ಜಾಗ್ರತೆ. ಫೆಂಡರ್ ಮೆಕ್ಸಿಕೊದ ಎನ್ಸೆನಾಡಾದಲ್ಲೂ ಗಿಟಾರ್ ಮಾಡುತ್ತದೆ. ಅವೂ ಅಸಲಿಯೇ, ಬೆಲೆ ಮಾತ್ರ ಕಡಿಮೆ. ಸೀರಿಯಲ್ ನಂಬರು ಎಂ ಅಕ್ಷರದಿಂದ ಶುರುವಾಗಿ ಗಿಟಾರಿನ ಮೇಲೆ ಅಮೆರಿಕದ ಚೀಟಿ ಇದ್ದರೆ, ಯಾರೋ ಮನೆಯಲ್ಲೇ ಕೂತು ಅದನ್ನು ಗಡಿ ದಾಟಿಸಿದ್ದಾರೆ.

ಹಂತ 8: ಸವೆತವನ್ನು ಓದಿ

ಇತ್ತೀಚೆಗೆ ಹರಿದ ಜೀನ್ಸಿಗೆ ಜಾಸ್ತಿ ಬೆಲೆ ಇದ್ದ ಹಾಗೆ, ಹೊಸ ಗಿಟಾರನ್ನು ಕಾರ್ಖಾನೆಯಲ್ಲೇ ಕೆರೆದು, ತುಕ್ಕು ಹಿಡಿಸಿ, ರೆಲಿಕ್ ಎಂದು ಹೆಸರಿಟ್ಟು ದುಬಾರಿಗೆ ಮಾರುವ ಪದ್ಧತಿ ಇದೆ. ಫೆಂಡರ್ ಕಸ್ಟಮ್ ಶಾಪ್ 1990ರ ದಶಕದ ನಡುವಿನಿಂದಲೂ ಇದನ್ನು ರಾಜಾರೋಷವಾಗಿ ಮಾಡುತ್ತಿದೆ. ರಾಜಾರೋಷವಾಗಿ ಮಾಡಿದರೆ ಅದು ಕಲೆ. ಕದ್ದು ಮಾಡಿದರೆ ಮೋಸ. ಗುರುತಿಸುವುದು ಹೇಗೆ?

ಇಲ್ಲಿ ಮಾವನ ವಿದ್ಯೆ ನೇರವಾಗಿ ಅನ್ವಯಿಸುತ್ತದೆ. ಉತ್ತ ಎತ್ತಿನ ಹೆಗಲಿನಲ್ಲಿ ನೊಗದ ಕಾಯಿ ಕಟ್ಟಿರುತ್ತದೆ. ಹಲ್ಲು ನೋಡಿದರೆ ವಯಸ್ಸು ಗೊತ್ತಾಗುತ್ತದೆ. ಎರಡೂ ತಾಳೆಯಾಗಬೇಕು. ಹಲ್ಲು ಬಾಯಿಗೂಡಿದೆ, ಹೆಗಲು ಮಾತ್ರ ಬೆಣ್ಣೆ ಎಂದರೆ ಆ ಎತ್ತು ಮೈಗಳ್ಳ. ಗಿಟಾರಿನಲ್ಲಿ ನೊಗ ಎಂದರೆ ನುಡಿಸುವವನ ಮೊಳಕೈ, ಬೆಲ್ಟಿನ ಬಕಲ್ಲು, ಹೆಬ್ಬೆರಳು. ಮೊಳಕೈ ಒರಗುವ ಮೇಲಂಚು, ಬಕಲ್ ತಾಗುವ ಬೆನ್ನು, ಹೆಬ್ಬೆರಳು ಸರಿಯುವ ಕತ್ತು ಸವೆಯಬೇಕು. ಹಲ್ಲು ಎಂದರೆ ಫ್ರೆಟ್ಟುಗಳು. ಮೊದಲ ಮೂರು ಫ್ರೆಟ್ಟಿನಲ್ಲಿ ತಂತಿಯ ಕೆಳಗೆ ಸಣ್ಣ ಗುಳಿ ಬಿದ್ದಿರಬೇಕು. ಮೈಯೆಲ್ಲ ಹರಿದು, ಫ್ರೆಟ್ಟು ಮಾತ್ರ ಕನ್ನಡಿಯಂತೆ ಇದ್ದರೆ ಮತ್ತು ಫ್ರೆಟ್ಟು ಬದಲಿಸಿದ್ದೇನೆಂದು ಮಾಲೀಕ ಹೇಳದಿದ್ದರೆ, ಆ ಗಾಯಗಳು ಸ್ಯಾಂಡ್‌ಪೇಪರಿನವು.

ಹಂತ 9: ಕೊನೆಗೆ ಮಾತ್ರ ನುಡಿಸಿ

ಈ ಹಂತವನ್ನು ಮೊದಲು ಮಾಡುವವರೇ ಹೆಚ್ಚು, ಕೆಡುವವರೂ ಅವರೇ. ಆಂಪ್ಲಿಫೈಯರಿಗೆ ಕೇಬಲ್ ಚುಚ್ಚಿ, ಡಿಸ್ಟಾರ್ಷನ್ ಏರಿಸಿದ ತಕ್ಷಣ ಎಂಥ ಪೀಪಾಯಿಯೂ ಭರ್ಜರಿಯಾಗಿ ಕೇಳಿಸುತ್ತದೆ. ಶಬ್ದ ತಿಳಿ ಇಟ್ಟುಕೊಳ್ಳಿ. ಪ್ರತಿ ತಂತಿಯನ್ನು ಪ್ರತಿ ಫ್ರೆಟ್ಟಿನಲ್ಲೂ ಒತ್ತಿ, ಗುಂಡಿಗಳನ್ನು ತಿರುಗಿಸಿ, ಚರಚರ ಎಂದರೆ ಧೂಳು ಎಂದು ತಿಳಿಯಿರಿ. ಒಂದು ಕಹಿ ಸತ್ಯವನ್ನೂ ನುಂಗಿ: ನಕಲಿ ಗಿಟಾರ್ ಚೆನ್ನಾಗಿ ನುಡಿಯಬಹುದು. ನಾದದಿಂದ ಅಸಲಿತನ ಸಾಬೀತಾಗುವುದಿಲ್ಲ. ಒಂದಕ್ಷರ ಮಾತ್ರ ಬೇರೆ ಇರುವ, ಆದರೆ ತನ್ನ ಹೆಸರನ್ನು ತಾನೇ ನೇರವಾಗಿ ಬರೆದುಕೊಂಡ ನಮ್ಮ ದೇಶದ ಗಿವ್ಸನ್ ಗಿಟಾರಿನಲ್ಲಿ ಬೆರಳು ಒಡೆಸಿಕೊಂಡು ಕಲಿತವರು ನಮ್ಮಲ್ಲಿ ಎಷ್ಟು ಜನ! ಅದು ಯಾರಿಗೂ ಮೋಸ ಮಾಡಲಿಲ್ಲ.

ಹಂತ 10: ಟವಲಿನ ಕೆಳಗೆ

ದನಗಳ ಜಾತ್ರೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಮೇಲೆ ಟವಲ್ ಮುಚ್ಚಿ, ಅದರಡಿ ಬೆರಳು ಹಿಡಿದು ಹೇಳುತ್ತಾರೆ. ಮಾವ ಆ ಕಲೆಬಿದ್ದ ಟವಲನ್ನೇ ತೆಗೆದು ಹುಡುಗನ ಕೈಮೇಲೆ ಹೊದಿಸಿ ಬೆರಳು ಹಿಡಿದರು. ಅವನು ಗಾಬರಿಯಾಗಿ ಕೈ ಎಳೆದುಕೊಂಡ. ಮಾವ ನಿಟ್ಟುಸಿರಿಟ್ಟು ಬಾಯಲ್ಲೇ ಕೇಳಿದರು:

"ತಲೆ ಮೇಲೆ ಬರ್ದಿರೋ ಆ ಹೆಸರು ನೀನೇ ಇಟ್ಕೊಳಪ್ಪ. ಉಳ್ದಿದ್ದಕ್ಕೆ ಎಷ್ಟು?"

ಗಿಟಾರ್ ಲೋಕದ ತಜ್ಞರು ಎಷ್ಟೋ ಪುಟಗಳಲ್ಲಿ ಬರೆದದ್ದನ್ನು ಮಾವ ಒಂದೇ ಪ್ರಶ್ನೆಗೆ ಇಳಿಸಿದ್ದರು. ಮರ, ತಂತಿ, ಕಬ್ಬಿಣ ಎಲ್ಲ ನಿಜವೇ. ಸುಳ್ಳಿರುವುದು ಹೆಸರಿನಲ್ಲಿ, ಬೆಲೆ ಇರುವುದೂ ಅಲ್ಲೇ. ಹೆಸರು ಕಳೆದು ಉಳಿದದ್ದಕ್ಕೆ ಎಷ್ಟು ಕೊಡಬಹುದು ಎಂದು ಲೆಕ್ಕ ಹಾಕಿ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ನಾನೂ ನಲವತ್ತು ಕೊಟ್ಟೇ ತಗೊಂಡಿದ್ದು ಅಂಕಲ್" ಎಂದ. ಆ ದಿನ ಅವನು ಹೇಳಿದ ಮೊದಲ ನಿಜ ಅದೇ ಇರಬೇಕು. ನಾವು ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದೆವು.

ದೋಷ ನಿವಾರಣೆ

ಸಮಸ್ಯೆ: ಸ್ಕ್ರೂ ಮೂರಿದೆ, ಆದರೆ ಗಿಟಾರ್ ತುಂಬಾ ಇಷ್ಟವಾಗಿದೆ.
ಪರಿಹಾರ: ಫೋಟೊ ತೆಗೆದುಕೊಂಡು ಮನೆಗೆ ಬನ್ನಿ. ಒಂದು ವಾರ ನೋಡಿ. ಮೂರನೇ ಸ್ಕ್ರೂ ದಿನೇದಿನೇ ದೊಡ್ಡದಾಗುತ್ತದೆ.

ಸಮಸ್ಯೆ: ಈಗಾಗಲೇ ಕೊಂಡಾಗಿದೆ.
ಪರಿಹಾರ: ನುಡಿಸಿ. ಮುಂದಿನವನಿಗೆ ಅಸಲಿ ಎಂದು ಮಾರಬೇಡಿ. ಸರಪಳಿ ನಿಮ್ಮ ಮನೆಯಲ್ಲಿ ತುಂಡಾಗಲಿ.

ಸಮಸ್ಯೆ: ಜೊತೆಗೆ ಬರಲು ಮಾವ ಇಲ್ಲ.
ಪರಿಹಾರ: ಗಿಟಾರ್ ರಿಪೇರಿ ಮಾಡುವವರನ್ನು ಕರೆದೊಯ್ಯಿರಿ. ಅವರಿಗೆ ಫೀಸು ಕೊಡಿ. ಆ ಫೀಸಿಗಿಂತ ಅಗ್ಗದ ವಿಮೆ ಇಲ್ಲ.

ವಾರಂಟಿ

ಈ ಕೈಪಿಡಿಗೆ ವಾರಂಟಿ ಇಲ್ಲ. ಆದರೆ ಅನುಭವ ಇದೆ. ಆರು ತಿಂಗಳ ನಂತರ ನಾನು ಒಂದು ಹಳೇ ಮೆಕ್ಸಿಕನ್ ಸ್ಟ್ರಾಟೊಕ್ಯಾಸ್ಟರ್ ಕೊಂಡೆ. ಮಾರಿದಾತ ನಾನು ಕೇಳುವ ಮೊದಲೇ ಒಂದು ಸಣ್ಣ ಡಬ್ಬಿ ತಂದಿಟ್ಟ. "ನಡುವಿನ ಪಿಕಪ್ ಬದಲಾಯಿಸಿದ್ದೀನಿ, ಒರಿಜಿನಲ್ ಇದರಲ್ಲಿದೆ. ಒಂದು ಬಿರಡೆಯೂ ಬೇರೆ. ಕತ್ತಿನ ಹಿಂದೆ ಈ ಗೀರು ನನ್ನ ಮಗಳ ಕೆಲಸ." ಮಾವ ಆವತ್ತು ಟವಲ್ ಒದ್ದೆ ಮಾಡಲಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ತೆಗೆದು ಎಲ್ಲ ನೋಡಿದೆ. ಅವನು ಹೇಳಿದ್ದಕ್ಕಿಂತ ಒಂದೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ನೀವೂ ಒಂದು ದಿನ ಮಾರುತ್ತೀರಿ. ಇವತ್ತೇ ಒಂದು ಹಾಳೆ ತೆಗೆದು ಯಾವ ಭಾಗ ಯಾವ ವರ್ಷ ಬದಲಾಯಿತು, ಯಾರಿಂದ ಎಷ್ಟಕ್ಕೆ ಕೊಂಡಿರಿ ಎಂದು ಬರೆದು ಗಿಟಾರಿನ ಪೆಟ್ಟಿಗೆಯಲ್ಲಿಡಿ. ನನ್ನ ಪೆಟ್ಟಿಗೆಯಲ್ಲಿ ಆ ಹಾಳೆ ಇದೆ. ಮಗಳ ಗೀರನ್ನೂ ಅದರಲ್ಲಿ ಬರೆದಿದ್ದೇನೆ.